ಪರಿಮಾಣವ್ರತವೂ ಬ್ಯಾಂಕಿನ ಮಿತಿಯೂ

ಕ್ರೆಡಿಟ್ ಕಾರ್ಡಿನ ಅವಧಿ ತೀರಿದಾಗ, ಕಾರ್ಡು ಕಳೆದುಹೋದಾಗ, ಅಥವಾ ಒಂದು ಬ್ಯಾಂಕು ತನ್ನ ವಹಿವಾಟನ್ನು ಮತ್ತೊಂದಕ್ಕೆ ಒಪ್ಪಿಸಿದಾಗ ಹಳೆಯದರ ಬದಲಿಗೆ ಹೊಸ ಕಾರ್ಡೊಂದು ಮನೆಯ ಬಾಗಿಲಿಗೆ ಬರುತ್ತದೆ. ಸಿಟಿ ಬ್ಯಾಂಕಿನ ಭಾರತದ ಗ್ರಾಹಕ ವಹಿವಾಟು 2023ರ ಮಾರ್ಚ್ 1ರಂದು ಆಕ್ಸಿಸ್ ಬ್ಯಾಂಕಿನ ವಶವಾಗಿ, 2024ರಲ್ಲಿ ಖಾತೆಗಳ ವರ್ಗಾವಣೆ ಮುಗಿದಾಗ, ಆ ಬ್ಯಾಂಕಿನ ಕಾರ್ಡುದಾರರೆಲ್ಲರೂ ಬದಲಿ ಕಾರ್ಡನ್ನು ಕಂಡವರೇ. ಇಂತಹ ಸಂದರ್ಭದಲ್ಲಿ ಕಾರ್ಡಿನ ಹಿಂದೆಯೇ ಒಂದು ಆಮಂತ್ರಣವೂ ಬರುವುದುಂಟು: ತಮ್ಮ ಯೋಗ್ಯತೆಯನ್ನು ಮನಗಂಡು ಸಾಲದ ಮಿತಿಯನ್ನು ಹೆಚ್ಚಿಸಲು ಬ್ಯಾಂಕು ಸಿದ್ಧವಿದೆ, ಮೇಲಿನ ದರ್ಜೆಯ ಕಾರ್ಡನ್ನು ಕೊಡಲೂ ಸಿದ್ಧವಿದೆ, ಒಪ್ಪಿಗೆಯೊಂದೇ ಬಾಕಿ. ಮದುವೆಯ ಮಂಟಪದಲ್ಲಿ, ಪಂಚಕಲ್ಯಾಣದ ಊಟದ ಪಂಕ್ತಿಯಲ್ಲಿ ಈಗ ಕೇಳಿಬರುತ್ತಿರುವ ಮಾತು ಇದಕ್ಕೆ ಹೊಂದಿಕೊಂಡಿದೆ. ಇಂಥವರ ಕಾರ್ಡಿಗೆ ಐದು ಲಕ್ಷದ ಮಿತಿ, ಅಂಥವರದಕ್ಕೆ ಹದಿನೈದು ಲಕ್ಷದ ಮಿತಿ ಎಂದು ಹೇಳುವಾಗ ಹಿಂದೆ ಹೊಲ, ಅಡಕೆ ತೋಟಗಳ ವಿಸ್ತಾರವನ್ನು ಹೇಳುತ್ತಿದ್ದ ಧ್ವನಿಯೇ ಇರುತ್ತದೆ. ಬ್ಯಾಂಕು ಒಬ್ಬನಿಗೆ ಎಷ್ಟು ಸಾಲ ಕೊಡಲು ಒಪ್ಪಿದೆಯೋ ಅಷ್ಟು ಅವನ ಅಂತಸ್ತು ಎಂಬ ಈ ಹೊಸ ನಂಬಿಕೆ ಶ್ರಾವಕಧರ್ಮದ ಬುಡಕ್ಕೇ ಕೊಡಲಿಯಿಡುವಂಥದು. ವಿದ್ಯಾವಂತ ಕುಟುಂಬಗಳಲ್ಲಿಯೇ ಇದು ಹೆಚ್ಚಾಗಿ ಬೇರೂರುತ್ತಿರುವುದರಿಂದ ಇದನ್ನು ಮೌನವಾಗಿ ಸಹಿಸುವುದು ಉಚಿತವೆನಿಸದು.

ಗೃಹಸ್ಥನಿಗೆ ವಿಧಿಸಿದ ಐದನೆಯ ಅಣುವ್ರತ ಪರಿಗ್ರಹಪರಿಮಾಣ. ತನಗೆ ಇಷ್ಟು ಸಾಕು ಎಂಬ ಗೆರೆಯನ್ನು ಶ್ರಾವಕನು ತಾನೇ ಎಳೆದುಕೊಳ್ಳುವುದು ಅದರ ಸ್ವರೂಪ. ಬ್ಯಾಂಕಿನವರು ಬಳಸುವ ‘ಮಿತಿ’ ಎಂಬ ಪದವೂ ಮೇಲ್ನೋಟಕ್ಕೆ ಅದೇ ಅರ್ಥವನ್ನು ಹೇಳುವಂತೆ ಕಾಣುತ್ತದೆ. ಆದರೆ ವ್ರತದ ಮಿತಿಯನ್ನು ಬೇಡುವವನು ಎಳೆಯುತ್ತಾನೆ. ಕಾರ್ಡಿನ ಮಿತಿಯನ್ನು ಮಾರುವವನು ಎಳೆಯುತ್ತಾನೆ. ಮೊದಲನೆಯದು ಕಾಲಕ್ರಮದಲ್ಲಿ ಕಿರಿದಾಗುತ್ತ ಹೋದಷ್ಟೂ ಶ್ರೇಯಸ್ಸು, ಎರಡನೆಯದು ಹಿರಿದಾಗುತ್ತ ಹೋದಷ್ಟೂ ಬ್ಯಾಂಕಿಗೆ ಲಾಭ. ಒಂದೇ ಪದದ ಮರೆಯಲ್ಲಿ ಎರಡು ವಿರುದ್ಧ ವಸ್ತುಗಳು ಅಡಗಿರುವುದನ್ನು ಗಮನಿಸದವನು ವ್ರತವನ್ನು ಬ್ಯಾಂಕಿನ ಗುಮಾಸ್ತನ ಕೈಗೆ ಒಪ್ಪಿಸಿದಂತೆಯೇ ಸರಿ.

ಇಲ್ಲಿ ಬುದ್ಧಿವಂತರೊಬ್ಬರು ಆಕ್ಷೇಪವೆತ್ತಬಹುದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಪಶು, ಧಾನ್ಯ, ಆಳುಕಾಳು, ಬಟ್ಟೆಬರೆಗಳನ್ನು ಎಣಿಸಿದ್ದಾರೆ. ಸಾಲವು ಆ ಪಟ್ಟಿಯಲ್ಲಿ ಇಲ್ಲ. ಇನ್ನೂ ಕೈಗೆ ಬಾರದ ಹಣ ಸ್ವತ್ತೇ ಅಲ್ಲವಾದ್ದರಿಂದ ಅದಕ್ಕೆ ಪರಿಮಾಣವೆಲ್ಲಿಂದ? ಉತ್ತರವನ್ನು ಬೇರೆಡೆ ಹುಡುಕಬೇಕಾಗಿಲ್ಲ. ಅದೇ ಅಧ್ಯಾಯದಲ್ಲಿ ಪರಿಗ್ರಹಕ್ಕೆ ಲಕ್ಷಣ ಹೇಳುವಾಗ ಆಚಾರ್ಯರು ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು, ಅಂದರೆ ‘ನನ್ನದು’ ಎಂಬ ಮೋಹವನ್ನು ಹೆಸರಿಸಿದ್ದಾರೆ. ದುಡಿದು ಕೂಡಿಟ್ಟು ಕೊಂಡವನ ಮೋಹ ವಸ್ತು ಮನೆಗೆ ಬಂದ ಮೇಲೆ ಬೆಳೆಯಬಹುದು. ಸಾಲದಲ್ಲಿ ಕೊಂಡವನ ಮೋಹವಾದರೋ ವಸ್ತುವಿಗಿಂತ ಮುಂಚೆಯೇ ಬೆಳೆದು, ಇನ್ನೂ ಗಳಿಸದ ಹಣದ ಮೇಲೆ, ಇನ್ನೂ ಬಾರದ ತಿಂಗಳುಗಳ ಮೇಲೆ ಹಬ್ಬಿಕೊಂಡಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲವೆಂಬ ವಾದ ವಕೀಲನಿಗೆ ಒಪ್ಪುತ್ತದೆ, ವ್ರತಿಗೆ ಒಪ್ಪುವುದಿಲ್ಲ.

ವ್ಯಾಪಾರಿಯ ಮನಸ್ಸನ್ನು ಇನ್ನೂ ಹತ್ತಿರದಿಂದ ಬಲ್ಲವರು ಸಮಂತಭದ್ರಾಚಾರ್ಯರು. ರತ್ನಕರಂಡಕ ಶ್ರಾವಕಾಚಾರದಲ್ಲಿ ಅವರು ಇದೇ ವ್ರತಕ್ಕೆ ಹೇಳುವ ಐದು ಅತಿಚಾರಗಳು ಸೂತ್ರಕಾರರ ಪಟ್ಟಿಗಿಂತ ಬೇರೆಯಾಗಿವೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಎತ್ತು ಸುಖವಾಗಿ ನಡೆಯಬಲ್ಲ ದಾರಿಗಿಂತ ಹೆಚ್ಚು ದೂರ ಅದನ್ನು ಆಸೆಯಿಂದ ಹೊಡೆಯುವುದು ಅತಿವಾಹನ. ಅದು ಹೊರಬಲ್ಲದ್ದಕ್ಕಿಂತ ಹೆಚ್ಚು ಹೇರುವುದು ಅತಿಭಾರವಹನ. ಇಂದಿನ ನಗರದ ಶ್ರಾವಕನ ಮನೆಯಲ್ಲಿ ಎತ್ತಿಲ್ಲ. ಆದರೆ ತಿಂಗಳ ಸಂಬಳಕ್ಕೆ ಹೋಗುವ ಮಗನಿದ್ದಾನೆ, ಸೊಸೆಯಿದ್ದಾಳೆ. ಮೂರು ಕಾರ್ಡುಗಳ ಕಂತುಗಳನ್ನು ಆ ಒಂದು ಸಂಬಳದ ಮೇಲೆ ಹೇರಿ ಮುಂದಿನ ಮೂವತ್ತು ತಿಂಗಳು ಅವರನ್ನು ಓಡಿಸುವುದು ಯಾವ ಅತಿಚಾರದಲ್ಲಿ ಸೇರುತ್ತದೆ ಎಂಬುದನ್ನು ಮನೆಯ ಯಜಮಾನರು ತಾವೇ ನಿಶ್ಚಯಿಸಲಿ. ಇನ್ನು ವಿಸ್ಮಯ. ಪರರ ಲಾಭವನ್ನು ಕಂಡು ಬೆರಗಾಗಿ ಒಳಗೊಳಗೇ ಬೇಯುವುದನ್ನು ಆಚಾರ್ಯರು ದೋಷವೆಂದು ಎಣಿಸಿದ್ದು ಅದ್ಭುತವಾದ ಲೋಕಜ್ಞಾನ. ಪಕ್ಕದ ಮನೆಯವರ ಕಾರ್ಡಿನ ಬಣ್ಣವನ್ನು ನೋಡಿ ತನ್ನ ಕಾರ್ಡು ಹಳತಾಯಿತೆಂದು ಬಗೆಯುವವನ ರೋಗಕ್ಕೆ ಅಂದೇ ಹೆಸರಿಟ್ಟಿದ್ದರು. ಚಿನ್ನ, ಪ್ಲಾಟಿನಂ, ವಜ್ರಗಳ ಹೆಸರನ್ನು ಪ್ಲಾಸ್ಟಿಕ್ ತುಂಡಿಗೆ ಕೊಟ್ಟವರೂ ಆ ರೋಗವನ್ನು ಚೆನ್ನಾಗಿ ಬಲ್ಲವರೇ.

ಹಾಗಾದರೆ ಕಾರ್ಡನ್ನೇ ತ್ಯಜಿಸಬೇಕೆ? ಹಾಗೆ ಹೇಳುವವರೂ ಸಮಾಜದಲ್ಲಿದ್ದಾರೆ. ಅವರ ನಿಷ್ಠೆಗೆ ನಮಸ್ಕಾರ. ಆದರೆ ಜೈನ ವಣಿಕರು ಹುಂಡಿಯ ಕಾಲದಿಂದಲೂ ಮುದ್ದತಿನ ವ್ಯವಹಾರ ಮಾಡಿಕೊಂಡು ಬಂದವರು; ಹೇಳಿದ ದಿನಕ್ಕೆ ಹೇಳಿದಷ್ಟು ಹಣ ಸಲ್ಲಿಸುವುದರಲ್ಲಿ ಅಧರ್ಮವಿಲ್ಲ. ಆಸ್ಪತ್ರೆಗೆ ಸೇರಿಸುವ ರಾತ್ರಿ, ಪರದೇಶದಲ್ಲಿರುವ ಮಗನಿಗೆ ತುರ್ತು ಟಿಕೆಟು ಕೊಳ್ಳುವ ಹೊತ್ತು, ಒಂದು ಕಾರ್ಡು ಉಪಕಾರಿಯೇ ಸರಿ. ಆದ್ದರಿಂದ ಯೋಚಿಸಬೇಕಾದದ್ದು ಬದಲಿ ಕಾರ್ಡು ಮನೆಗೆ ಬಂದ ದಿನ ಶ್ರಾವಕನು ಅದನ್ನು ಹೇಗೆ ಸ್ವೀಕರಿಸುತ್ತಾನೆ ಎಂಬುದನ್ನು.

ವಿಚಿತ್ರವೆಂದರೆ, ಈ ವಿಷಯದಲ್ಲಿ ರಿಸರ್ವ್ ಬ್ಯಾಂಕು ಅರಿಯದೆಯೇ ವ್ರತಿಗಳಿಗೆ ನೆರವಾಗಿದೆ. 2020ರ ಜನವರಿಯಲ್ಲಿ ಅದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಹೊಸದಾಗಿ ಕೊಟ್ಟ ಅಥವಾ ಬದಲಿಸಿ ಕೊಟ್ಟ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯುವ ಸ್ಥಿತಿಯಲ್ಲಿ ಕೈಸೇರಬೇಕು. ಅಂತರ್ಜಾಲದ ಖರೀದಿ, ಪರದೇಶದ ಬಳಕೆ, ಯಂತ್ರಕ್ಕೆ ತಾಗಿಸಿದೊಡನೆ ಹಣ ಸಂದಾಯವಾಗುವ ಸೌಲಭ್ಯ, ಇವೆಲ್ಲವೂ ಮುಚ್ಚಿದ ಬಾಗಿಲುಗಳಾಗಿದ್ದು ಕಾರ್ಡುದಾರನೇ ಬೇಕಾದುದನ್ನು ತೆರೆದುಕೊಳ್ಳಬೇಕು. ಪ್ರತಿಯೊಂದಕ್ಕೂ ತನ್ನದೇ ಮೊತ್ತದ ಗಡಿಯನ್ನು ಹಗಲಿರುಳು ಯಾವಾಗ ಬೇಕಾದರೂ ಇಟ್ಟುಕೊಳ್ಳುವ, ಬೇಡವಾದಾಗ ಮುಚ್ಚುವ ಅನುಕೂಲವನ್ನು ಬ್ಯಾಂಕು ಒದಗಿಸಲೇಬೇಕು. ಶ್ರಾವಕನ ಗುಣವ್ರತಗಳನ್ನು ಓದಿದವರಿಗೆ ಇದು ಪರಿಚಿತವಾದ ದಾರಿ. ಇಂತಿಂಥ ದಿಕ್ಕಿನಲ್ಲಿ ಇಷ್ಟು ದೂರದಾಚೆ ಹೋಗೆನೆಂಬ ದಿಗ್ವ್ರತ, ಅದರೊಳಗೂ ಇಷ್ಟು ಕಾಲ ಇಷ್ಟೇ ಎಲ್ಲೆ ಎಂಬ ದೇಶವ್ರತ, ಎರಡನ್ನೂ ಒಂದು ಫೋನಿನ ಪರದೆಯ ಮೇಲೆ ಆಚರಿಸಬಹುದು. ಪರದೇಶಕ್ಕೆ ಹೋಗದವನ ಕಾರ್ಡಿನಲ್ಲಿ ಪರದೇಶದ ಬಾಗಿಲು ತೆರೆದಿರಬೇಕಾದ ಕಾರಣವೇನು? ಆರು ಲಕ್ಷದ ಮಿತಿಯಿದ್ದರೂ ಮನೆಯ ತಿಂಗಳ ಖರ್ಚು ನಲವತ್ತು ಸಾವಿರವಾದರೆ ಗಡಿಯನ್ನು ನಲವತ್ತು ಸಾವಿರಕ್ಕೆ ಇಡಲು ಅಡ್ಡಿಯೇನು? ಮಿತಿಯನ್ನೇ ತಗ್ಗಿಸಿಕೊಡುವಂತೆ ಬ್ಯಾಂಕಿಗೆ ಬರೆದು ಕೇಳಲೂ ಬಹುದು. ಕಾರ್ಡುದಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಮಿತಿಯನ್ನು ಏರಿಸಬಾರದು, ಮೇಲ್ದರ್ಜೆಯ ಕಾರ್ಡನ್ನು ಹೊರಿಸಬಾರದು ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳು ವಿಧಿಸಿದವು. ಹೀಗಿರುವಾಗ ಏರಿದ ಪ್ರತಿಯೊಂದು ಮಿತಿಯ ಹಿಂದೆಯೂ ಒಂದು ‘ಹೂಂ’ ಇದೆ ಎಂದಾಯಿತು.

ದೊಡ್ಡ ಮಿತಿಯಿಂದ ಬರಿಯ ಪಾರಮಾರ್ಥಿಕ ನಷ್ಟವಷ್ಟೇ ಎಂದು ನಗುವವರಿಗೆ ಒಂದು ಲೌಕಿಕ ಲೆಕ್ಕವೂ ಇದೆ. ಕಾರ್ಡುದಾರನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಮೋಸ ನಡೆದು, ಬ್ಯಾಂಕಿನಿಂದ ಸೂಚನೆ ಬಂದ ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ದೂರಿತ್ತರೆ ಕಾರ್ಡುದಾರನು ಹೊರಬೇಕಾದ ಹೊಣೆಯನ್ನು 2017ರ ಜುಲೈ ಸುತ್ತೋಲೆ ಗೊತ್ತುಪಡಿಸಿತು. ಐದು ಲಕ್ಷದವರೆಗಿನ ಮಿತಿಯ ಕಾರ್ಡಿಗೆ ಅದು ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ಮೇಲಿನ ಮಿತಿಗೆ 25,000 ರೂಪಾಯಿ. ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಹೊಣೆಯೇ ಇಲ್ಲ. ಓಟಿಪಿಯನ್ನು ತಾನೇ ಹೇಳಿಕೊಟ್ಟವನಿಗೆ ಮಾತ್ರ ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ.

ಯಾವ ಕಾರ್ಡನ್ನು ಆರಿಸಬೇಕೆಂಬುದು ಇಷ್ಟಾದ ಮೇಲೆ ಬಹಳ ಕಠಿಣವಾದ ಪ್ರಶ್ನೆಯಲ್ಲ. ವಾರ್ಷಿಕ ಶುಲ್ಕವಿಲ್ಲದ, ಅಥವಾ ಅಲ್ಪ ಶುಲ್ಕದ ಒಂದೇ ಕಾರ್ಡು ಒಂದು ಕುಟುಂಬಕ್ಕೆ ಸಾಕು. ವರ್ಷಕ್ಕೆ ಇಷ್ಟು ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ ಎಂಬ ಕಾರ್ಡು ಖರ್ಚಿನ ಗುರಿಯನ್ನು ತಾನೇ ನಿಗದಿಮಾಡುವ ಕಾರ್ಡು. ಮಾರ್ಚ್ ತಿಂಗಳಲ್ಲಿ ಗುರಿ ಮುಟ್ಟಿಸಲೆಂದು ಬೇಡದ್ದನ್ನು ಕೊಳ್ಳುವುದಕ್ಕೆ ಅನರ್ಥದಂಡವೆನ್ನದೆ ಬೇರೆ ಹೆಸರಿಲ್ಲ. 2024ರ ಸೆಪ್ಟೆಂಬರ್ 6ರಿಂದ ದೊಡ್ಡ ಬ್ಯಾಂಕುಗಳು ಕಾರ್ಡು ಕೊಡುವಾಗ, ನವೀಕರಿಸುವಾಗ, ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಜಾಲಗಳಲ್ಲಿ ಆಯ್ಕೆಯನ್ನು ಗ್ರಾಹಕನಿಗೇ ಬಿಡಬೇಕೆಂಬ ನಿಯಮ ಬಂದಿದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರಿಂದ ಇದೆ. ಅನುಕೂಲವೇ ಹೌದು. ಆದರೆ ಸೊಪ್ಪಿನವಳ ಮುಂದೆ ಇಪ್ಪತ್ತು ರೂಪಾಯಿಯನ್ನೂ ಸಾಲವಾಗಿ ಕೊಡುವ ಅಭ್ಯಾಸ ಮನೆಯ ಮಕ್ಕಳಿಗೆ ಆಗಬೇಕೇ ಎಂದು ಜೋಡಿಸುವ ಮುನ್ನ ಹಿರಿಯರು ಒಂದು ಗಳಿಗೆ ಯೋಚಿಸಲಿ. ಇನ್ನು ಕಾರ್ಡಿನೊಂದಿಗೆ ಬರುವ ಆಮಿಷಗಳ ಪಟ್ಟಿಯನ್ನು ಜೈನ ಗೃಹಸ್ಥನೊಬ್ಬನು ಓದುವುದೇ ಒಂದು ವಿನೋದ. ನಕ್ಷತ್ರ ಹೋಟೆಲಿನ ರಾತ್ರಿ ಭೋಜನಕ್ಕೆ ರಿಯಾಯಿತಿಯಂತೆ! ಸೂರ್ಯಾಸ್ತಕ್ಕೆ ಮುಂಚೆ ಉಂಡು ಕೈತೊಳೆಯುವ ಮನೆಯವರು ಆ ರಿಯಾಯಿತಿಗಾಗಿ ವರ್ಷಕ್ಕೆ ಐದು ಸಾವಿರ ಶುಲ್ಕ ತೆರುತ್ತಾರೆ.

ಬದಲಿ ಕಾರ್ಡು ಬಂದಾಗ ಹಳೆಯದಕ್ಕೆ ಕಟ್ಟಿಹಾಕಿದ್ದ ಮಾಸಿಕ ಚಂದಾಗಳು ಅನೇಕ ವೇಳೆ ತಾವಾಗಿಯೇ ಕಡಿದುಹೋಗುತ್ತವೆ. ಅವನ್ನು ಅವಸರದಿಂದ ಮತ್ತೆ ಕಟ್ಟದೆ ಒಂದು ತಿಂಗಳು ಬಿಟ್ಟು ನೋಡುವುದು ಒಳ್ಳೆಯದು. ಯಾವುದರ ಕೊರತೆ ಯಾರಿಗೂ ತಿಳಿಯಲಿಲ್ಲವೋ ಅದು ಬೇಕಿರಲಿಲ್ಲ. ಬ್ಯಾಂಕನ್ನೇ ಬದಲಿಸುವವನು ಹಳೆಯ ಕಾರ್ಡನ್ನು ಕತ್ತರಿಸಿ ಎಸೆದರೆ ಖಾತೆ ಮುಚ್ಚುವುದಿಲ್ಲ. ಬಾಕಿಯನ್ನು ಪೂರ್ತಿ ತೀರಿಸಿ ಬರೆದು ಕೇಳಬೇಕು. ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ದಂಡ ತೆರಬೇಕೆಂದು 2022ರ ನಿರ್ದೇಶನಗಳಲ್ಲಿ ಹೇಳಲಾಯಿತು.

ಬಳಕೆಯ ವಿಷಯದಲ್ಲಿ ಒಂದೇ ನಿಯಮವಿದೆ, ಅದು ಎಲ್ಲರಿಗೂ ಗೊತ್ತು, ಅದನ್ನು ಮುರಿಯುವವರೂ ಅವರೇ: ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ಸಲ್ಲಿಸುವುದು. ‘ಕನಿಷ್ಠ ಪಾವತಿ’ ಎಂಬ ಅಂಕಣದಲ್ಲಿ ಮುದ್ರಿಸಿದ ಚಿಕ್ಕ ಮೊತ್ತವೇ ಗಾಳ. ಒಂದು ಲಕ್ಷ ರೂಪಾಯಿ ಬಾಕಿಯಿರುವ ಕಾರ್ಡಿಗೆ ತಿಂಗಳಿಗೆ ಶೇಕಡಾ 3.5ರ ಬಡ್ಡಿ, ಕನಿಷ್ಠ ಪಾವತಿ ಶೇಕಡಾ 5 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಬಡ್ಡಿ 3,500, ಅದರ ಮೇಲಿನ ಶೇಕಡಾ 18ರ ಜಿಎಸ್‌ಟಿ 630, ಒಟ್ಟು 4,130. ಐದು ಸಾವಿರ ಕಟ್ಟಿದವನ ಅಸಲಿನಲ್ಲಿ ಇಳಿದದ್ದು 870 ರೂಪಾಯಿ. ಆ ಬಾಕಿ ಇರುವವರೆಗೆ ಹೊಸದಾಗಿ ಕೊಂಡ ಪ್ರತಿಯೊಂದು ವಸ್ತುವಿಗೂ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ. ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಅಷ್ಟರಲ್ಲಿ ಮಾಯವಾಗಿರುತ್ತದೆ. ಎಟಿಎಂನಿಂದ ಕಾರ್ಡಿನ ಮೇಲೆ ನಗದು ತೆಗೆದವನಿಗಂತೂ ಅದು ಮೊದಲೇ ಇಲ್ಲ. ಶೇಕಡಾ 30ಕ್ಕೂ ಮೀರಿದ ಬಡ್ಡಿ ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪಿತ್ತಿತ್ತು. 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕಾನೂನಿನ ಬೇಲಿಯನ್ನು ನಂಬಿ ಕುಳಿತವರು ಇನ್ನು ತಮ್ಮ ಬೇಲಿಯನ್ನು ತಾವೇ ಕಟ್ಟಿಕೊಳ್ಳಬೇಕಾಗಿದೆ.

ಪೂರ್ಣ ಮೊತ್ತವನ್ನು ತಪ್ಪದೆ ಕಟ್ಟುವವರು ಇಷ್ಟನ್ನು ಓದಿ ನಿಶ್ಚಿಂತರಾಗಬಹುದು. ‘ನಲವತ್ತೈದು ದಿನ ಬ್ಯಾಂಕಿನ ಹಣ ಪುಕ್ಕಟೆಯಾಗಿ ನನ್ನಲ್ಲಿರುತ್ತದೆ, ಮೇಲೆ ಅಂಕಗಳೂ ಸಿಗುತ್ತವೆ, ಇದರಲ್ಲಿ ದೋಷವೇನು?’ ಎಂಬುದು ಅವರ ವಾದ. ಅವರು ಋಣಗ್ರಸ್ತರಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಪುಕ್ಕಟೆ ಎಂಬ ಪದ ರೋಕಡ ಪುಸ್ತಕದಲ್ಲಿ ಇಲ್ಲವೆಂಬುದನ್ನು ವ್ಯಾಪಾರಿಗಳ ಮಕ್ಕಳಿಗೆ ಹೇಳಿಕೊಡಬೇಕೆ? ಒಂದು ಕಡೆ ಜಮಾ ಆದದ್ದು ಇನ್ನೊಂದು ಕಡೆ ಖರ್ಚಾಗಿರಲೇಬೇಕು. ಆ ಅಂಕಗಳ ಒಂದು ಪಾಲು ಅಂಗಡಿಯವನು ಪ್ರತಿ ವಹಿವಾಟಿನಲ್ಲಿ ತೆರುವ ಶುಲ್ಕದಿಂದ ಬರುತ್ತದೆ; ಮತ್ತೊಂದು ಪಾಲು ಐದು ಸಾವಿರ ಕಟ್ಟಿ 870 ಇಳಿಸಿಕೊಂಡ ಆ ಬಡಪಾಯಿಯ ಬಡ್ಡಿಯಿಂದ ಬರುತ್ತದೆ. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಅನುಮೋದಿಸುವುದು, ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಧರ್ಮದವರು ಅಂಕಗಳ ಸಂಭ್ರಮದಲ್ಲಿ ಮೂರನೆಯದನ್ನು ಮರೆಯುವುದು ಸಲ್ಲದು. ಅನುಕೂಲಕ್ಕಾಗಿ ಕಾರ್ಡು ಬಳಸುವುದು ಬೇರೆ. ಅಂಕಗಳಿಗಾಗಿ ಖರ್ಚನ್ನು ಹುಟ್ಟಿಸುವುದು ಬೇರೆ.

ಇವೆಲ್ಲಕ್ಕಿಂತ ಘೋರವಾದುದೊಂದು ವ್ಯಾಪಾರಿಗಳ ನಡುವೆಯೇ ನಡೆಯುತ್ತಿದೆ. ನಗದಿನ ಅಡಚಣೆಯಾದಾಗ ಸ್ನೇಹಿತನ ಅಂಗಡಿಯ ಸ್ವೈಪ್ ಯಂತ್ರದಲ್ಲಿ ಒಂದು ಲಕ್ಷಕ್ಕೆ ಕಾರ್ಡನ್ನು ಎಳೆಯುವುದು, ಶೇಕಡಾ ಎರಡೋ ಮೂರೋ ಮುರಿದುಕೊಂಡು ಉಳಿದದ್ದನ್ನು ಅವನಿಂದ ನಗದಾಗಿ ಪಡೆಯುವುದು, ಗಡುವು ಬಂದಾಗ ಇನ್ನೊಂದು ಕಾರ್ಡನ್ನು ಇನ್ನೊಂದು ಅಂಗಡಿಯಲ್ಲಿ ಎಳೆದು ಮೊದಲನೆಯದನ್ನು ತೀರಿಸುವುದು. ಇದಕ್ಕೆ ‘ರೊಟೇಷನ್’ ಎಂಬ ಗೌರವದ ಹೆಸರಿದೆ. ಸರಕು ಕೈ ಬದಲಾಗಿಲ್ಲ, ಬಿಲ್ಲು ಮಾತ್ರ ಹುಟ್ಟಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದೊಂದು, ಅಂದರೆ ನಕಲಿಯನ್ನು ಅಸಲಿಯೆಂದು ನಡೆಸುವುದು. ಬೆಳ್ಳಿಯಲ್ಲಿ ತವರ ಬೆರೆಸಿದವನನ್ನು ನಿಂದಿಸುವ ಪೇಟೆ, ಇಲ್ಲದ ಮಾರಾಟವನ್ನು ಇದೆಯೆಂದು ಬ್ಯಾಂಕಿಗೆ ತೋರಿಸುವವನನ್ನು ಚತುರನೆಂದು ಹೊಗಳುತ್ತದೆ. ಯಂತ್ರವನ್ನು ಒದಗಿಸಿದ ಸ್ನೇಹಿತನೂ ಉಪಕಾರಿಯಲ್ಲ, ಪಾಲುದಾರ. ಈ ಚಕ್ರ ಒಂದು ತಿಂಗಳು ನಿಂತರೆ ಏನಾಗುತ್ತದೆಂಬುದು ತಿರುಗಿಸುತ್ತಿರುವವರಿಗೆ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ಅವರಿಗೆ ರಾತ್ರಿ ನಿದ್ರೆಯಿಲ್ಲ.

ಕೊನೆಯದಾಗಿ ಬಸದಿಗಳ ವಿಚಾರ. ಅಭಿಷೇಕದ ಕಲಶಗಳ ಸವಾಲಿನಲ್ಲಿ ಕೂಗಿದ ಮೊತ್ತವನ್ನು ಅಲ್ಲಿಯೇ ಕ್ರೆಡಿಟ್ ಕಾರ್ಡಿನಲ್ಲಿ ಸಲ್ಲಿಸುವ, ಆಮೇಲೆ ಅದನ್ನು ಹನ್ನೆರಡು ಕಂತುಗಳಾಗಿ ಪರಿವರ್ತಿಸಿಕೊಳ್ಳುವ ಪದ್ಧತಿ ಹಬ್ಬುತ್ತಿದೆ. ಆಡಳಿತ ಮಂಡಳಿಯವರು ಇದನ್ನು ಆಧುನಿಕತೆಯೆಂದು ಹೊಗಳಿಕೊಳ್ಳುತ್ತಾರೆ. ದಾನದ ಹಣ ನ್ಯಾಯದಿಂದ ಗಳಿಸಿದ್ದಾಗಿರಬೇಕು. ಗಳಿಸಿಯೇ ಇಲ್ಲದ ಹಣ ನ್ಯಾಯದ್ದೋ ಅನ್ಯಾಯದ್ದೋ ಎಂದು ಹೇಗೆ ಪರೀಕ್ಷಿಸುವುದು? ಶ್ರವಣಬೆಳಗೊಳದ ಶಾಸನಗಳಲ್ಲಿ, ಗದ್ಯಾಣಗಳನ್ನು ಮೂಲಧನವಾಗಿ ಇಟ್ಟು ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಹಾಲು ಸಲ್ಲುವಂತೆ ಮಾಡಿದ ದಾನಿಗಳ ಉಲ್ಲೇಖವಿದೆ. ಆ ದಾನಿಯ ಹಣದ ಬಡ್ಡಿ ದೇವರಿಗೆ ಹಾಲಾಗಿ ಹರಿಯಿತು. ಕಂತಿನ ದಾನಿಯ ಬಡ್ಡಿ ಬ್ಯಾಂಕಿಗೆ ಹರಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ, ಅದರ ಕಡೆಗೆ ಯಾವ ಟ್ರಸ್ಟೂ ಗಮನ ಹರಿಸಿದಂತಿಲ್ಲ. ಒಂದು ಲಕ್ಷ ರೂಪಾಯಿಯ ದಾನವನ್ನು ಕ್ರೆಡಿಟ್ ಕಾರ್ಡಿನಲ್ಲಿ ಪಡೆದ ಬಸದಿಗೆ, ಶುಲ್ಕ ಶೇಕಡಾ 2 ಎಂದಾದರೆ, 2,000 ರೂಪಾಯಿ ಶುಲ್ಕವೂ ಅದರ ಮೇಲೆ 360 ರೂಪಾಯಿ ತೆರಿಗೆಯೂ ಮುರಿದು 97,640 ರೂಪಾಯಿ ಬರುತ್ತದೆ. ರಸೀತಿ ಒಂದು ಲಕ್ಷಕ್ಕೆ. ಮುರಿದ ಶುಲ್ಕದ ಬಹುಪಾಲು ಸೇರುವುದು ಕಾರ್ಡು ಕೊಟ್ಟ ಬ್ಯಾಂಕಿಗೆ; ಅದರಿಂದ ಒಂದಂಶ ಅಂಕಗಳ ರೂಪದಲ್ಲಿ ದಾನಿಯ ಖಾತೆಗೇ ಹಿಂದಿರುಗುತ್ತದೆ. ಭಗವಂತನಿಗೆ ಅರ್ಪಿಸಿದ್ದರಲ್ಲಿ ಒಂದು ತುಣುಕನ್ನು ದಾನಿ ಮರಳಿ ಮನೆಗೆ ಒಯ್ದು, ಅದರಿಂದ ಮಿಕ್ಸರು ಕೊಂಡಂತಾಯಿತು. ನಿರ್ಮಾಲ್ಯವನ್ನು ಮುಟ್ಟಲೂ ಅಂಜುವ ಸಮಾಜ ಇದನ್ನು ಹೇಗೆ ನುಂಗಿಕೊಂಡಿತೋ ಆಶ್ಚರ್ಯ. ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ, ಅಥವಾ ರುಪೇ ಡೆಬಿಟ್ ಕಾರ್ಡಿನಿಂದ ಬಂದ ಹಣಕ್ಕೆ 2020ರ ಜನವರಿಯಿಂದ ಇಂತಹ ಶುಲ್ಕವಿಲ್ಲ. ಚೆಕ್ಕು ಎಂದಿನಂತೆ ಇದೆ. ಹಾಗಿರುವಾಗ ಟ್ರಸ್ಟುಗಳು ಪಾವತಿ ಸೇವೆ ಒದಗಿಸುವ ಸಂಸ್ಥೆಗೆ ಬರೆದು ದಾನದ ಖಾತೆಗೆ ಕ್ರೆಡಿಟ್ ಕಾರ್ಡಿನ ದಾರಿಯನ್ನು ಮುಚ್ಚಿಸುವಂತೆ ಕೋರುವುದು ಯೋಗ್ಯ. ಸವಾಲಿನ ವೇದಿಕೆಯಲ್ಲಿಯೂ ಕೂಗುವ ಮುನ್ನವೇ ಈ ನಿಯಮವನ್ನು ಓದಿ ಹೇಳಿದರೆ ಆಮೇಲೆ ಯಾರಿಗೂ ಮುಜುಗರವಾಗದು. ಮೊತ್ತ ಕೊಂಚ ಇಳಿಯಬಹುದು. ಇಳಿದರೆ, ಅಷ್ಟು ದಿನ ಏರಿದ್ದು ಯಾರ ಹಣ ಎಂಬುದು ಮಂಡಳಿಯ ಲೆಕ್ಕಪತ್ರದಲ್ಲಿಯೇ ಗೋಚರಿಸುತ್ತದೆ.